ಒಂದೇ ಸ್ವರದ ನೆಲದಲ್ಲಿ: ಶೀಲಾ ಚಂದ್ರಾ ಅವರ ಗಾಯನ ಮತ್ತು ಆಧಾರ ಶ್ರುತಿ



ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ಹಾಡುವವರ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ. ಪಿಟೀಲು, ಮೃದಂಗ, ಘಟ ನುಡಿಸುವವರ ಹೆಸರು ಅದರ ಕೆಳಗೆ ಬರುತ್ತದೆ. ತಂಬೂರಿ ಮೀಟುವವರ ಹೆಸರು ಬಹಳ ಸಲ ಇರುವುದೇ ಇಲ್ಲ. ಆದರೆ ಕಛೇರಿ ಶುರುವಾದಲ್ಲಿಂದ ಮಂಗಳದವರೆಗೆ ಎಡೆಬಿಡದೆ ಕೇಳಿಸುವ ನಾದ ಅದೊಂದೇ. ಹಾಡುಗಾರರು ಉಸಿರು ತೆಗೆದುಕೊಳ್ಳುವಾಗಲೂ ಅದು ನಡೆದೇ ಇರುತ್ತದೆ. ಇಂದಿನ ಉಪನ್ಯಾಸಕ್ಕೆ ನಾನು ಆ ನಾದವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಅದನ್ನು ವಿವರಿಸಲು ನಮ್ಮ ಕಛೇರಿ ಪರಂಪರೆಯ ಹೊರಗಿನ ಒಬ್ಬ ಗಾಯಕಿಯ ಕೃತಿಗಳನ್ನು ಮುಂದಿಟ್ಟುಕೊಳ್ಳುತ್ತೇನೆ. ಅವರು ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಭಾರತೀಯ ಮೂಲದ ಶೀಲಾ ಚಂದ್ರಾ.

ಉಪನ್ಯಾಸದ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ತಂಬೂರಿಯ ನಾದದೊಳಗೆ ಏನೇನಿದೆ ಎಂಬುದು. ಎರಡನೆಯದು ಶೀಲಾ ಚಂದ್ರಾ ಆ ನಾದದ ಕಡೆಗೆ ಬಂದ ದಾರಿ. ಮೂರನೆಯದು 1992ರಿಂದ 1996ರವರೆಗೆ ಅವರು ಹೊರತಂದ ಮೂರು ಧ್ವನಿಮುದ್ರಿಕೆಗಳ ವಿಚಾರ. ನಾಲ್ಕನೆಯದು ಅವರ ಕೆಲಸವನ್ನು ನಮ್ಮ ನಾಡಿನ ಗಾಯನದ ಪಕ್ಕದಲ್ಲಿಟ್ಟು ನೋಡಿದಾಗ ನಮಗೆ ಸಿಗುವ ಪಾಠ. ಶ್ರುತಿ ಎಂಬ ಮಾತನ್ನು ಉದ್ದಕ್ಕೂ ಆಧಾರ ಷಡ್ಜದ ಅಖಂಡ ನಾದ ಎಂಬ ಅರ್ಥದಲ್ಲಿ ಮಾತ್ರ ಬಳಸುತ್ತೇನೆ.

ನನ್ನ ವಾದ ಇಷ್ಟು: ಶ್ರುತಿಯನ್ನು ನಾವು ಹಾಡಿನ ಹಿನ್ನೆಲೆ ಎಂದುಕೊಂಡಿದ್ದೇವೆ. ನಿಜವಾಗಿ, ಯಾವ ಸ್ವರ ಹತ್ತಿರ, ಯಾವುದು ದೂರ, ಎಲ್ಲಿ ನಿಲ್ಲಬಹುದು, ಎಲ್ಲಿ ನಿಂತರೆ ನೋಯುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಅದನ್ನು ಗಮನವಿಟ್ಟು ಕೇಳುವ ಗಾಯಕರಿಗೆ ಅದರಿಂದಲೇ ಹೊಸ ಸಂಗೀತ ಹುಟ್ಟುತ್ತದೆ.

ಈಗ ಮೊದಲ ಭಾಗಕ್ಕೆ ಬರುತ್ತೇನೆ.

ಕರ್ನಾಟಕ ಸಂಗೀತದ ತಂಬೂರಿಗೆ ನಾಲ್ಕು ತಂತಿಗಳು: ಪಂಚಮ, ಸಾರಣಿ, ಅನುಸಾರಣಿ, ಮಂದ್ರ. ಒಂದು ಪಂಚಮ, ಎರಡು ಷಡ್ಜ, ಕೆಳಗಿನ ಸ್ಥಾಯಿಯ ಒಂದು ಷಡ್ಜ. ಕಾಗದದ ಮೇಲೆ ಬರೆದರೆ ಇಷ್ಟೇ. ಆದರೆ ಚೆನ್ನಾಗಿ ಸೇರಿದ ತಂಬೂರಿಯ ಮುಂದೆ ಕೂತವರಿಗೆ ಯಾವ ತಂತಿಗೂ ಕೂಡಿಸದ ಗಾಂಧಾರವೊಂದು ಸ್ಪಷ್ಟವಾಗಿ ಕೇಳುತ್ತದೆ. ನಮ್ಮ ಹಿರಿಯರು ಅದನ್ನು ಸ್ವಯಂಭೂ ಗಾಂಧಾರ ಎಂದು ಕರೆದರು.

ಇದರ ಕಾರಣ ಸರಳ. ತಂತಿ ಇಡಿಯಾಗಿ ಕಂಪಿಸುವಾಗಲೇ ಅರ್ಧ, ಮೂರನೇ ಒಂದು, ನಾಲ್ಕನೇ ಒಂದು, ಐದನೇ ಒಂದು ಭಾಗಗಳಾಗಿಯೂ ಕಂಪಿಸುತ್ತದೆ. ಮಂದ್ರ ಷಡ್ಜದ ತಂತಿ ಸೆಕೆಂಡಿಗೆ 100 ಸಲ ಕಂಪಿಸುತ್ತದೆ ಎಂದುಕೊಳ್ಳಿ. ಅದರೊಳಗೆ 200, 300, 400, 500 ಕಂಪನಗಳ ನಾದಗಳೂ, ಅಂದರೆ ಉಪಸ್ವರಗಳೂ, ಇರುತ್ತವೆ. 200 ಮತ್ತು 400 ಮೇಲಿನ ಷಡ್ಜಗಳು. 300 ಪಂಚಮ. 500 ಅಂತರ ಗಾಂಧಾರ. ಇನ್ನೂ ಮೇಲೆ ಹೋದರೆ 700ರಲ್ಲಿ ನಮ್ಮ ಕೈಶಿಕಿ ನಿಷಾದಕ್ಕಿಂತ ತುಸು ಇಳಿದ ನಿಷಾದವೊಂದು ಸಿಗುತ್ತದೆ. ಒಂದು ತಂತಿಯಲ್ಲಿ ಇಷ್ಟೊಂದು ಸ್ವರಗಳ ಬೀಜ ಅಡಗಿದೆ.

ಈ ಬೀಜಗಳು ಎಲ್ಲ ತಂತಿವಾದ್ಯಗಳಲ್ಲೂ ಇವೆ. ತಂಬೂರಿಯಲ್ಲಿ ಅವು ಕಿವಿಗೆ ಬೀಳುವಷ್ಟು ಪ್ರಬಲವಾಗಲು ಕಾರಣ ಅದರ ಕುದುರೆ. ಅಗಲವಾದ, ಸ್ವಲ್ಪ ಬಾಗಿದ ಮೈಯ ಆ ಕುದುರೆಯನ್ನು ತಂತಿ ಸವರಿಕೊಂಡು ಕಂಪಿಸುತ್ತದೆ. ತಂತಿಯ ಕೆಳಗೆ ಸೇರಿಸುವ ದಾರದ ಎಳೆಯನ್ನು, ನಾವು ಜೀವಾಳ ಎನ್ನುವ ಆ ಎಳೆಯನ್ನು, ಕೂದಲೆಳೆಯಷ್ಟು ಆಚೀಚೆ ಸರಿಸಿದಾಗ ಮಂಕಾಗಿದ್ದ ನಾದ ಝೇಂಕರಿಸತೊಡಗುತ್ತದೆ. ಸಿ. ವಿ. ರಾಮನ್ ಅವರು 1921ರಲ್ಲಿ ವೀಣೆ ಮತ್ತು ತಂಬೂರಿಯ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಗುರುತಿಸಿದರು. ತಂತಿಯನ್ನು ಒಂದು ನಿರ್ದಿಷ್ಟ ಬಿಂದುವಿನಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಬಾರದು ಎಂಬುದು ಆಗ ಒಪ್ಪಿತವಾಗಿದ್ದ ನಿಯಮ. ನಮ್ಮ ವಾದ್ಯಗಳಲ್ಲಿ ಆ ಉಪಸ್ವರಗಳೂ ಗಟ್ಟಿಯಾಗಿಯೇ ಕೇಳುತ್ತವೆ ಎಂದು ಅವರು ತೋರಿಸಿ, ಕುದುರೆಯ ರಚನೆಯೇ ಇದಕ್ಕೆ ಕಾರಣ ಎಂದರು. ಹೆಸರು ಉಳಿಸಿ ಹೋಗದ ನಮ್ಮ ವಾದ್ಯಗಾರರು ಕಿವಿಯಿಂದಲೇ ಕಂಡುಕೊಂಡಿದ್ದ ಸಂಗತಿಗೆ ವಿಜ್ಞಾನಿಯೊಬ್ಬರು ಸಲ್ಲಿಸಿದ ಗೌರವ ಅದು.

ಹಾಡುವವರ ಪಾಲಿಗೆ ಇದರ ಅರ್ಥವೇನು? ಅವರ ಗಾಂಧಾರ ತಂಬೂರಿಯೊಳಗಿನ ಗಾಂಧಾರಕ್ಕೆ ಸೇರಿದ ಕ್ಷಣದಲ್ಲಿ ಎರಡೂ ಒಂದಾಗಿ ನಾದ ಹಿಗ್ಗುತ್ತದೆ. ಕೊಂಚ ತಪ್ಪಿದರೂ ತರಂಗಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕಂಪನ ಕೇಳುತ್ತದೆ. ಪಿಯಾನೊದ ಸಮವಿಭಜಿತ ಮೇಳದಲ್ಲಿ ಆ ಗಾಂಧಾರ ಈ ಸಹಜ ಸ್ಥಾನಕ್ಕಿಂತ ತುಸು ಏರಿರುತ್ತದೆ. ಆದ್ದರಿಂದ ಕೀಬೋರ್ಡಿನ ಜೊತೆ ಹಾಡಿ ಬೆಳೆದವರು ತಂಬೂರಿಯ ಮುಂದೆ ಕೂತರೆ ಕಿವಿಯನ್ನು ಹೊಸದಾಗಿ ತಿದ್ದಿಕೊಳ್ಳಬೇಕಾಗುತ್ತದೆ.

ಈ ಮಾತು ನಮ್ಮನ್ನು ನೇರವಾಗಿ ಎರಡನೆಯ ಭಾಗಕ್ಕೆ ಕರೆದೊಯ್ಯುತ್ತದೆ. ಶೀಲಾ ಚಂದ್ರಾ ಬಂದದ್ದು ಕೀಬೋರ್ಡಿನ ಲೋಕದಿಂದಲೇ.

1965ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಕಲಿತದ್ದು ಲಂಡನ್ನಿನ ಇಟಾಲಿಯಾ ಕಾಂಟಿ ರಂಗಶಾಲೆಯಲ್ಲಿ. ಬಿಬಿಸಿಯ ಮಕ್ಕಳ ಧಾರಾವಾಹಿ 'ಗ್ರೇಂಜ್ ಹಿಲ್'ನಲ್ಲಿ ನಟಿಸಿದರು. ಸ್ಟೀವ್ ಕೋ ಅವರು ಕಟ್ಟಿದ 'ಮಾನ್ಸೂನ್' ತಂಡಕ್ಕೆ ಸೇರಿದಾಗ ಅವರಿನ್ನೂ ಹದಿಹರೆಯದ ಹುಡುಗಿ. ಆ ತಂಡದ 'ಎವರ್ ಸೋ ಲೋನ್ಲಿ' ಎಂಬ ಹಾಡು 1982ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೆಯ ಸ್ಥಾನಕ್ಕೇರಿತು. ಸಿತಾರ್, ತಬಲಾಗಳ ಜೊತೆ ಪಾಪ್ ಸಂಗೀತದ ಲಯ ಬೆರೆತ ಹಾಡು ಅದು. ಬ್ರಿಟನ್ನಿನ ಪಾಪ್ ಪಟ್ಟಿಯಲ್ಲಿ ಭಾರತೀಯ ಮೂಲದ ಹುಡುಗಿಯೊಬ್ಬಳು ಅಷ್ಟು ಎತ್ತರಕ್ಕೆ ಹೋದದ್ದು ಆ ಕಾಲಕ್ಕೆ ದೊಡ್ಡ ಸುದ್ದಿ.

ಅದೇ ಜಾಡಿನಲ್ಲಿ ಮುಂದುವರಿಯುವುದು ಸುಲಭವಿತ್ತು. ಅವರು ಬೇರೆ ದಾರಿ ಹಿಡಿದರು. ತಂಡ ಚದುರಿದ ಮೇಲೆ 1984 ಮತ್ತು 1985ರಲ್ಲಿ ಇಂಡಿಪಾಪ್ ಎಂಬ ಸಣ್ಣ ಸಂಸ್ಥೆಗೆ ನಾಲ್ಕು ಧ್ವನಿಮುದ್ರಿಕೆಗಳನ್ನು ಹಾಡಿದರು. ಅವುಗಳಲ್ಲಿ 'ಕ್ವಯೆಟ್' ಎಂಬುದರಲ್ಲಿ ಸಾಹಿತ್ಯವೇ ಇಲ್ಲ. ಕಂಠವನ್ನು ವಾದ್ಯದಂತೆ ಬಳಸಿದ್ದಾರೆ. ಇನ್ನೊಂದರ ಹೆಸರು 'ನಾದಬ್ರಹ್ಮ'. ಇಪ್ಪತ್ತರ ವಯಸ್ಸಿಗೇ ಅವರು ಎತ್ತಿಕೊಂಡ ಪ್ರಶ್ನೆ ಈ ಹೆಸರುಗಳಲ್ಲೇ ಕಾಣುತ್ತದೆ: ಅರ್ಥ ಬಿಟ್ಟ ಧ್ವನಿ ತಾನಾಗಿಯೇ ಏನನ್ನು ಹೇಳಬಲ್ಲದು? ಬಳಿಕ ಕೆಲವು ವರ್ಷ ಹೊಸದೇನನ್ನೂ ತರಲಿಲ್ಲ. 1990ರಲ್ಲಿ 'ರೂಟ್ಸ್ ಅಂಡ್ ವಿಂಗ್ಸ್' ಬಂತು. 1992ರಲ್ಲಿ ಪೀಟರ್ ಗೇಬ್ರಿಯಲ್ ಅವರ ರಿಯಲ್ ವರ್ಲ್ಡ್ ಸಂಸ್ಥೆಯಿಂದ ನಮ್ಮ ಇಂದಿನ ಚರ್ಚೆಯ ಮೊದಲ ಕೃತಿ 'ವೀವಿಂಗ್ ಮೈ ಆನ್ಸೆಸ್ಟರ್ಸ್ ವಾಯ್ಸಸ್' ಹೊರಬಂತು. 1994ರಲ್ಲಿ 'ದಿ ಝೆನ್ ಕಿಸ್', 1996ರಲ್ಲಿ 'ಎಬೋನ್‌ಕ್ರೋನ್‌ಡ್ರೋನ್' ಬಂದು ತ್ರಿವಳಿ ಪೂರ್ಣವಾಯಿತು.

ಇನ್ನು ಮೂರನೆಯ ಭಾಗ. ಉಪನ್ಯಾಸದ ಮುಖ್ಯ ಭಾಗವೂ ಇದೇ. ಈ ತ್ರಿವಳಿಯಲ್ಲಿ ಮೂರು ಮುಖ್ಯ ನಿರ್ಧಾರಗಳು ನನಗೆ ಕಾಣುತ್ತವೆ. ಒಂದೊಂದಾಗಿ ನೋಡೋಣ.

ಮೊದಲ ನಿರ್ಧಾರ, ಕಳೆಯುವುದು. ಬೇರೆ ಬೇರೆ ಪರಂಪರೆಗಳ ಸಂಗೀತವನ್ನು ಬೆಸೆಯುವಾಗ ಸಾಮಾನ್ಯವಾಗಿ ಎಲ್ಲರೂ ಕೂಡಿಸುತ್ತ ಹೋಗುತ್ತಾರೆ: ಸಿತಾರಿಗೆ ಗಿಟಾರು, ಮೃದಂಗಕ್ಕೆ ಡ್ರಮ್ಸು, ಆಲಾಪನೆಗೆ ಕೀಬೋರ್ಡಿನ ಮೇಳ. ಶೀಲಾ ಚಂದ್ರಾ ಲಯವಾದ್ಯವನ್ನು ತೆಗೆದರು, ಸ್ವರಮೇಳವನ್ನು ತೆಗೆದರು. ಹೆಚ್ಚಿನ ಹಾಡುಗಳಲ್ಲಿ ಉಳಿದದ್ದು ಒಂದು ಕಂಠ, ಒಂದು ಶ್ರುತಿ. ಇದಕ್ಕೆ ಒಳ್ಳೆಯ ಉದಾಹರಣೆ ಅವರ ಹಳೆಯ ಹಾಡೇ. 1982ರ 'ಎವರ್ ಸೋ ಲೋನ್ಲಿ'ಯನ್ನು 1992ರಲ್ಲಿ ಇನ್ನೆರಡು ಹಾಡುಗಳೊಂದಿಗೆ ಹೆಣೆದು ಮತ್ತೆ ಹಾಡಿದರು. ಮೊದಲ ರೂಪದಲ್ಲಿ ಲಯ ಕಾಲು ಕುಣಿಸುತ್ತದೆ. ಒಂಟಿತನದ ಮಾತು ಆ ಸಂಭ್ರಮದಲ್ಲಿ ಕಳೆದುಹೋಗುತ್ತದೆ. ಎರಡನೆಯದರಲ್ಲಿ ಪ್ರತಿ ಸ್ವರವೂ ಶ್ರುತಿಯಿಂದ ಎಷ್ಟು ದೂರದಲ್ಲಿದೆ ಎಂಬುದು ನಮ್ಮ ಕಿವಿಗೆ ಗೊತ್ತಾಗುತ್ತಲೇ ಇರುತ್ತದೆ. ಆ ದೂರವೇ ಹಾಡಿನ ಒಂಟಿತನವಾಗುತ್ತದೆ. ಅದೇ ಹಾಡು, ಅದೇ ಗಾಯಕಿ. ನೆಲ ಬದಲಾದದ್ದರಿಂದ ಭಾವದ ಆಳ ಬದಲಾಯಿತು.

ಎರಡನೆಯ ನಿರ್ಧಾರ, ಆ ನೆಲದ ಮೇಲೆ ಹಲವು ನಾಡುಗಳ ಹಾಡುಗಳನ್ನು ಕರೆತರುವುದು. 'ಧ್ಯಾನ ಅಂಡ್ ಡೋನಲಾಗ್' ಎಂಬಲ್ಲಿ ಭಾರತೀಯ ಆಲಾಪನೆಯ ಸಂಚಾರ 'ಡೋನಲ್ ಓಗ್' ಎಂಬ ಐರಿಷ್ ವಿರಹಗೀತೆಯ ಜೊತೆ ಕೂಡುತ್ತದೆ. 'ದಿ ಝೆನ್ ಕಿಸ್'ನಲ್ಲಿ 'ಎ ಸೇಲರ್ಸ್ ಲೈಫ್' ಎಂಬ ಇಂಗ್ಲಿಷ್ ಜನಪದ ಹಾಡಿದೆ. ಸಮುದ್ರಕ್ಕೆ ಹೋದ ನಲ್ಲನನ್ನು ಹುಡುಕುವ ಹೆಣ್ಣಿನ ಕಥೆ ಅದು. ಅಲ್ಲಿಯೇ 'ಆಬೆಸ್ ಹಿಲ್ಡೆಗಾರ್ಡ್' ಎಂಬ ರಚನೆಯೂ ಇದೆ. ಹಿಲ್ಡೆಗಾರ್ಡ್ ಜರ್ಮನಿಯ ಮಠವೊಂದರ ಮುಖ್ಯಸ್ಥೆ. 1098ರಿಂದ 1179ರವರೆಗೆ ಬಾಳಿದ ಕವಯಿತ್ರಿ, ರಚನೆಕಾರ್ತಿ. ನಮ್ಮ ಬಸವಣ್ಣನವರ, ಅಕ್ಕಮಹಾದೇವಿಯವರ ಶತಮಾನವೇ ಅವರದೂ.

ಇಷ್ಟು ದೂರದೂರದ ಹಾಡುಗಳು ಒಂದೇ ಶ್ರುತಿಗೆ ಹೇಗೆ ಒಗ್ಗುತ್ತವೆ? ಇದಕ್ಕೆ ಸಂಗೀತಶಾಸ್ತ್ರದ ಆಧಾರವಿದೆ. ಸ್ವರಮೇಳದ ಪದ್ಧತಿ ಬೆಳೆಯುವ ಮೊದಲು ಯೂರೋಪಿನ ಗಾಯನವೂ ಒಂಟಿ ಎಳೆಯದಾಗಿತ್ತು. ಹಿಲ್ಡೆಗಾರ್ಡರ ರಚನೆಗಳು ಅಂಥವೇ. ಗ್ರೀಕ್ ಸಂಪ್ರದಾಯದ ಕ್ರೈಸ್ತ ಪ್ರಾರ್ಥನಾ ಗಾಯನದಲ್ಲಿ 'ಐಸಾನ್' ಎಂದು ಕರೆಯುವ ಹಿಡಿದಿಟ್ಟ ಆಧಾರ ಸ್ವರ ಇಂದಿಗೂ ಇದೆ. ಬ್ಯಾಗ್‌ಪೈಪಿನಲ್ಲಿ ಶ್ರುತಿ ಹಿಡಿಯಲೆಂದೇ ಬೇರೆ ಕೊಳವೆಗಳಿರುತ್ತವೆ. ಇಂಗ್ಲೆಂಡಿನ ಜನಪದ ಹಾಡುಗಳನ್ನು ಸಂಗ್ರಹಿಸಿದ ಸೆಸಿಲ್ ಶಾರ್ಪ್ 1907ರಲ್ಲಿ ಬರೆದ ಪುಸ್ತಕದಲ್ಲಿ, ಆ ಹಾಡುಗಳು ಪಕ್ಕವಾದ್ಯವಿಲ್ಲದೆ ಹಾಡುವಂಥವು, ಹಳೆಯ ಸ್ವರಕ್ರಮಗಳಲ್ಲಿ ನಿಂತಂಥವು ಎಂದು ವಿವರಿಸಿದ್ದಾರೆ. ಅವರು ಡೋರಿಯನ್ ಎಂದು ಕರೆಯುವ ಸ್ವರಕ್ರಮ ನಮ್ಮ ಖರಹರಪ್ರಿಯದ್ದು. ಮಿಕ್ಸೊಲಿಡಿಯನ್ ಎಂಬುದು ಹರಿಕಾಂಬೋಧಿಯದ್ದು. ರಾಗದ ಸಂಚಾರ, ಗಮಕ, ಜೀವಸ್ವರಗಳು ಬೇರೆಯೇ, ಅದನ್ನು ಮರೆಯಬಾರದು. ಆದರೆ ಕಾಲಿಡುವ ಮೆಟ್ಟಿಲುಗಳು ಒಂದೇ.

ಶೀಲಾ ಚಂದ್ರಾ ಕಂಡುಕೊಂಡದ್ದು ಈ ಹಳೆಯ ನೆಂಟಸ್ತಿಕೆಯನ್ನು. ಮೇಲೆ ಹೇರಿದ್ದ ಸ್ವರಮೇಳವನ್ನು ತೆಗೆದಾಗ ನೆಂಟಸ್ತಿಕೆ ತಾನಾಗಿ ಕೇಳಿಸಿತು. ಹಾಡಿನ ಮೇಲೆ ಅದಕ್ಕೆ ಸಂಬಂಧಿಸದ ಅಲಂಕಾರವನ್ನು ಅಂಟಿಸುವ ಅಗತ್ಯ ಅವರಿಗೆ ಬೀಳಲಿಲ್ಲ. ಐರಿಷ್ ಹಾಡುಗಾರಿಕೆಯಲ್ಲೇ ಸ್ವರವನ್ನು ಸುತ್ತಿ, ತಿರುಗಿಸಿ ಹಾಡುವ ಪದ್ಧತಿ ಇದೆ. ಅದು ಮುಗಿಯುವಲ್ಲಿಂದ ನಮ್ಮ ಜಾರು, ಕಂಪಿತಗಳ ಕಡೆಗೆ ಅವರ ಕಂಠ ಹೊರಳುವಾಗ ಎಲ್ಲಿ ಗಡಿ ದಾಟಿದರು ಎಂದು ಬೊಟ್ಟುಮಾಡಿ ತೋರಿಸುವುದು ಕಷ್ಟ.

ಮೂರನೆಯ ನಿರ್ಧಾರಕ್ಕೆ ಹೋಗುವ ಮುನ್ನ ಒಂದು ಸಣ್ಣ ತಿರುವು. ತ್ರಿವಳಿಯ ಮೊದಲ ಎರಡು ಕೃತಿಗಳಲ್ಲಿ 'ಸ್ಪೀಕಿಂಗ್ ಇನ್ ಟಂಗ್ಸ್' ಎಂಬ ಹೆಸರಿನ ನಾಲ್ಕು ತುಣುಕುಗಳಿವೆ. ಇವು ನಮ್ಮ ಕೊನ್ನಕೋಲಿನ ದಾರಿಯವು: ತಾಳವಾದ್ಯದ ಸೊಲ್ಲುಗಳನ್ನು ಬಾಯಲ್ಲಿ ಉರುಳಿಸುವ ವಿದ್ಯೆ. ಯಕ್ಷಗಾನದ ಕಲಿಕೆಯಲ್ಲಿ ಬಾಯಿತಾಳ ಹೇಳಿದವರಿಗೆ, ಭರತನಾಟ್ಯದ ನಟುವಾಂಗ ಕೇಳಿದವರಿಗೆ ಇದು ಹೊಸದಲ್ಲ. ದೀರ್ಘ ಸ್ವರಗಳ ನಡುವೆ ಈ ತುಣುಕುಗಳನ್ನು ಇಟ್ಟದ್ದರಲ್ಲಿ ಜಾಣ್ಮೆಯಿದೆ. ವ್ಯಂಜನಗಳ ಈ ಮಳೆ ಮುಗಿದು ಮತ್ತೆ ನೀಳ ಸ್ವರ ಬಂದಾಗ ಶ್ರುತಿಯನ್ನು ಕಿವಿ ಹೊಸದಾಗಿ ಕೇಳುತ್ತದೆ. ಅಖಂಡ ನಾದಕ್ಕೆ ಕಿವಿ ಒಗ್ಗಿ ಮರೆತುಬಿಡುವ ಅಪಾಯ ಇದ್ದೇ ಇರುತ್ತದೆ. ಆ ಮರೆವನ್ನು ತಡೆಯುವ ಉಪಾಯ ಇದು.

ಮೂರನೆಯ ನಿರ್ಧಾರ ಎಲ್ಲಕ್ಕಿಂತ ದಿಟ್ಟವಾದದ್ದು. 'ಎಬೋನ್‌ಕ್ರೋನ್‌ಡ್ರೋನ್'ನಲ್ಲಿ ಆರು ರಚನೆಗಳಿವೆ. ಅವಕ್ಕೆ ಹೆಸರುಗಳಿಲ್ಲ, ಸಂಖ್ಯೆಗಳು ಮಾತ್ರ. ಅಲ್ಲಿ ಶ್ರುತಿಯೇ ಕೃತಿ. ಅಖಂಡ ನಾದಗಳನ್ನು ಒಂದರ ಮೇಲೊಂದು ಹಾಸಿ, ಅವುಗಳೊಳಗೆ ಸಹಜವಾಗಿ ಹುಟ್ಟುವ ಉಪಸ್ವರಗಳನ್ನು ಗಾಯಕಿ ತಮ್ಮ ಕಂಠದಿಂದ ನವಿರಾಗಿ ಮುಟ್ಟಿ ತೋರಿಸುತ್ತಾರೆ. ಮೊದಲ ಸಲ ಕೇಳಿದಾಗ ಏನೂ ನಡೆಯುತ್ತಿಲ್ಲವೆನಿಸಬಹುದು. ತಾಳ್ಮೆಯಿಂದ ಕೂತರೆ ನಾದದೊಳಗೆ ಚಲನೆ ಕೇಳತೊಡಗುತ್ತದೆ. ಯಾವುದು ಗಾಯಕಿ ಹಾಡಿದ್ದು, ಯಾವುದು ನಾದದೊಳಗೇ ಇದ್ದದ್ದು ಎಂಬ ಗೆರೆ ಅಳಿಸಿಹೋಗುತ್ತದೆ. ತಂಬೂರಿಯ ಸ್ವಯಂಭೂ ಗಾಂಧಾರವನ್ನು ಕೇಳುವ ಕಿವಿಯನ್ನು ಸಾಮಾನ್ಯ ಕೇಳುಗರಿಗೂ ಕೊಡಬಹುದು ಎಂಬ ನಂಬಿಕೆ ಈ ಕೃತಿಯ ಹಿಂದಿದೆ. ಹಾಡುಗಾರಿಕೆಯ ಪ್ರದರ್ಶನವನ್ನು ಬದಿಗಿಟ್ಟು ಕೇಳುಗರ ಕಿವಿಯನ್ನು ತಯಾರು ಮಾಡಲು ಇಡೀ ಧ್ವನಿಮುದ್ರಿಕೆಯನ್ನು ಮೀಸಲಿಟ್ಟದ್ದು ಒಬ್ಬ ಯಶಸ್ವಿ ಗಾಯಕಿಯ ದೊಡ್ಡ ಔದಾರ್ಯ ಎಂದು ನಾನು ತಿಳಿಯುತ್ತೇನೆ.

ಮುಂದೆ ಸುಮಾರು 2010ರ ಹೊತ್ತಿಗೆ ಬಾಯುರಿಯ ತೀವ್ರ ಕಾಯಿಲೆಯೊಂದು ಅವರ ಹಾಡುಗಾರಿಕೆಯನ್ನು ನಿಲ್ಲಿಸಿತು. ಮಾತಾಡುವುದೂ ನೋವಿನ ಕೆಲಸವಾಯಿತು. ಅವರು ಬರವಣಿಗೆಯತ್ತ ತಿರುಗಿ ಪುಸ್ತಕಗಳನ್ನು ಪ್ರಕಟಿಸಿದರು. ಈ ತ್ರಿವಳಿ ಅದಕ್ಕೆ ಬಹಳ ಮೊದಲೇ ಧ್ವನಿಮುದ್ರಣಗೊಂಡದ್ದು ಕೇಳುಗರ ಭಾಗ್ಯ.

ಈಗ ಕೊನೆಯ ಭಾಗ. ಶೀಲಾ ಚಂದ್ರಾ ಅವರ ಗಾಯನ ರಾಗಸಂಗೀತವಲ್ಲ ಎಂಬ ಆಕ್ಷೇಪ ಈ ಸಭೆಯಲ್ಲಿ ಕೆಲವರಿಗಾದರೂ ಮೂಡಿರಬಹುದು. ಅದು ನ್ಯಾಯವಾದ ಮಾತು. ಒಂದು ರಾಗವನ್ನು ಗಂಟೆಗಟ್ಟಲೆ ಬಿಡಿಸುವ ವಿಸ್ತಾರ ಅಲ್ಲಿಲ್ಲ, ಅದು ಅವರ ಉದ್ದೇಶವೂ ಅಲ್ಲ. ಶ್ರುತಿಯೊಂದಿಗೆ ಗಾಯಕರು ಇಟ್ಟುಕೊಳ್ಳುವ ಸಂಬಂಧ ಮಾತ್ರ ಎರಡೂ ಕಡೆ ಒಂದೇ ಎಂಬುದು ನನ್ನ ನಿಲುವು. ಅದನ್ನು ನಮ್ಮದೇ ಉದಾಹರಣೆಗಳಿಂದ ನೋಡೋಣ.

ಕಿರಾನಾ ಘರಾಣೆಯನ್ನು ತೆಗೆದುಕೊಳ್ಳಿ. ಮೀರಜಿನಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಸ್ವರದ ಶುದ್ಧಿಯನ್ನೇ ಗಾಯನದ ಜೀವವೆಂದು ಹಿಡಿದವರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲರು ಮತ್ತು ಭೀಮಸೇನ ಜೋಶಿಯವರು ಆ ದಾರಿಯನ್ನು ನಮ್ಮ ಧಾರವಾಡ ಸೀಮೆಯ ಸೊತ್ತಾಗಿಸಿದರು. ಗಂಗೂಬಾಯಿಯವರು ವಿಲಂಬಿತ ಆಲಾಪದಲ್ಲಿ ಒಂದು ಷಡ್ಜಕ್ಕೆ ಬಂದು ನಿಲ್ಲುವುದನ್ನು ಕೇಳಿ. ಅಲ್ಲಿ ತಂಬೂರಿ ಮತ್ತು ಕಂಠದ ನಡುವೆ ಬಿರುಕಿಲ್ಲ. ಆ ಸೇರುವಿಕೆ ಎಷ್ಟು ಪೂರ್ಣವೆಂದರೆ ಮುಂದಿನ ಸ್ವರಕ್ಕೆ ಹೊರಟಾಗ ಕೇಳುಗರಿಗೂ ಹೊಸ ಪ್ರಯಾಣ ಹೊರಟಂತಾಗುತ್ತದೆ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರದು ಇನ್ನೊಂದು ಬಗೆ. ಕ್ಷಯರೋಗದಿಂದ ವರ್ಷಗಟ್ಟಲೆ ದೇವಾಸದಲ್ಲಿ ಹಾಡದೆ ಮಲಗಿದ್ದ ಅವರು ಮಾಳವದ ಜನಪದ ಹಾಡುಗಳನ್ನು ಕೇಳುತ್ತ ತಮ್ಮ ಸಂಗೀತವನ್ನು ಹೊಸದಾಗಿ ಕಟ್ಟಿಕೊಂಡದ್ದು ಎಲ್ಲರಿಗೂ ತಿಳಿದ ಸಂಗತಿ. ತಂಬೂರಿ ಸೇರಿಸುವುದರಲ್ಲಿ ಅವರಿಗಿದ್ದ ನಿಷ್ಠುರತೆಯೂ ಅಷ್ಟೇ ಪ್ರಸಿದ್ಧ. ಜನಪದ ಧುನ್‌ಗಳಿಂದ ಅವರು ಹೊಸ ರಾಗಗಳನ್ನು ಕಟ್ಟಿದ್ದಕ್ಕೂ ಈ ನಿಷ್ಠುರತೆಗೂ ಸಂಬಂಧವಿದೆ ಎಂದು ನನಗನಿಸುತ್ತದೆ. ನೆಲ ಗಟ್ಟಿಯಿದ್ದವರು ಮಾತ್ರ ಹಳ್ಳಿಯ ಹಾಡಿನ ಮೂರು ನಾಲ್ಕು ಸ್ವರಗಳಲ್ಲಿ ಒಂದು ರಾಗದ ಸಾಧ್ಯತೆಯನ್ನು ಕೇಳಬಲ್ಲರು.

ಶಾಸ್ತ್ರೀಯ ವೇದಿಕೆಯ ಹೊರಗೂ ಈ ವಿವೇಕ ನಮ್ಮಲ್ಲಿ ಹರಡಿಕೊಂಡಿದೆ. ತತ್ವಪದಕಾರರ ಏಕತಾರಿ, ಹರಿದಾಸರ ಹೆಗಲಿನ ತಂಬೂರಿ, ಹಿಂದೆ ಯಕ್ಷಗಾನದ ಭಾಗವತರಿಗೆ ಶ್ರುತಿ ಕೊಡುತ್ತಿದ್ದ ಪುಂಗಿ, ನಾಗಸ್ವರದ ಜೊತೆಗಿನ ಒತ್ತು, ಎಲ್ಲವೂ ಒಂದೇ ಕೆಲಸ ಮಾಡುತ್ತವೆ. ಒಂದು ಸ್ವರವನ್ನು ಹಿಡಿದಿಟ್ಟು ಹಾಡುವವರನ್ನು ಬಿಡುಗಡೆ ಮಾಡುತ್ತವೆ.

ಇಂದು ಪರಿಸ್ಥಿತಿ ಬದಲಾಗಿದೆ. 1970ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ಜಿ. ರಾಜನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಸಂಗೀತ ಲೋಕಕ್ಕೆ ದೊಡ್ಡ ಉಪಕಾರ ಮಾಡಿತು. ತಂಬೂರಿ ಕೊಳ್ಳಲಾಗದ, ಇಟ್ಟುಕೊಳ್ಳಲು ಜಾಗವಿಲ್ಲದ ಸಾವಿರಾರು ಮನೆಗಳಲ್ಲಿ ಸಾಧನೆ ಸಾಧ್ಯವಾಯಿತು. ಈಗ ಅದೂ ಫೋನಿನೊಳಗೆ ಬಂದಿದೆ. ವಿದ್ಯಾರ್ಥಿನಿ ಐದು ಮನೆ ಶ್ರುತಿಯನ್ನು ಬೆರಳಿನಿಂದ ಒತ್ತಿ ಹಾಡಲು ಶುರುಮಾಡುತ್ತಾಳೆ. ನಾನು ಈ ಸೌಕರ್ಯದ ವಿರೋಧಿಯಲ್ಲ. ಇದರಲ್ಲಿ ಕಳೆದುಹೋಗುವುದೊಂದಿದೆ, ಅದನ್ನು ಮಾತ್ರ ಹೇಳಬೇಕು. ಬಿರಡೆ ತಿರುಗಿಸಿ, ಮಣಿ ಸರಿಸಿ, ಜೀವಾಳ ಕೂರಿಸಿ ತಂಬೂರಿಯನ್ನು ಸೇರಿಸುವಾಗ ಕಿವಿ ಮಾಡುವ ಕೆಲಸ ಹಾಡುವುದಕ್ಕಿಂತ ಮೊದಲಿನ ಸಾಧನೆ. ಸಿದ್ಧವಾಗಿ ಸಿಕ್ಕ ಶ್ರುತಿಯಲ್ಲಿ ಆ ಸಾಧನೆಗೆ ಅವಕಾಶವೇ ಇಲ್ಲ.

ಆದ್ದರಿಂದ ಈ ಸಭೆಯ ಮುಂದೆ ಎರಡು ವಿನಂತಿಗಳನ್ನು ಇಡುತ್ತೇನೆ. ಒಂದು, ನಮ್ಮ ಸಂಗೀತ ಶಾಲೆಗಳಲ್ಲಿ ಸರಳೆ ವರಸೆ ಕಲಿಯುವ ಮಕ್ಕಳಿಗೂ ತಂಬೂರಿ ಸೇರಿಸುವುದನ್ನು ಪಾಠವಾಗಿಯೇ ಕಲಿಸಬೇಕು. ಪರೀಕ್ಷೆಯಲ್ಲೂ ಅದಕ್ಕೆ ಅಂಕಗಳಿರಬೇಕು. ಎರಡು, ವಾರಕ್ಕೊಮ್ಮೆಯಾದರೂ ತರಗತಿಯಲ್ಲಿ ಯಾರೂ ಹಾಡದೆ, ತಂಬೂರಿಯನ್ನಷ್ಟೇ ಕೇಳಿ, ಅದರೊಳಗೆ ಯಾವ ಯಾವ ಸ್ವರಗಳು ಕೇಳಿಸಿದವು ಎಂದು ವಿದ್ಯಾರ್ಥಿಗಳು ಹೇಳುವ ಅಭ್ಯಾಸ ಬೆಳೆಯಬೇಕು. ಇದಕ್ಕೆ ಹಣ ಬೇಡ, ದೊಡ್ಡ ಸಭಾಂಗಣ ಬೇಡ. ಒಂದು ತಂಬೂರಿ ಮತ್ತು ಅದನ್ನು ಸೇರಿಸಬಲ್ಲ ಒಬ್ಬ ಅಧ್ಯಾಪಕರು ಸಾಕು.

ಶೀಲಾ ಚಂದ್ರಾ ನಮ್ಮ ಪದ್ಧತಿಯ ಗುರುಮನೆಯಲ್ಲಿ ಬೆಳೆದವರಲ್ಲ. ನಮ್ಮ ಸಂಗೀತದ ಮೂಲಭೂತ ಸಂಗತಿಯೊಂದನ್ನು ಅವರು ತಮ್ಮ ಕಿವಿಯಿಂದಲೇ ಹುಡುಕಿಕೊಂಡರು. ಆಮೇಲೆ ಐರ್ಲೆಂಡ್, ಇಂಗ್ಲೆಂಡ್, ಜರ್ಮನಿಗಳ ಹಳೆಯ ಹಾಡುಗಳಿಗೆ ಆ ನೆಲದಲ್ಲಿ ಜಾಗ ಮಾಡಿಕೊಟ್ಟರು. ಹುಟ್ಟಿನಿಂದಲೇ ಆ ನಾದದ ನಡುವೆ ಇರುವ ನಮ್ಮ ಮಕ್ಕಳು ಅದನ್ನು ಅಷ್ಟೇ ಶ್ರದ್ಧೆಯಿಂದ ಕೇಳುವಂತಾದರೆ, ಕನ್ನಡ ನಾಡಿನ ಗಾಯನದಲ್ಲಿ ಇನ್ನೂ ಹುಟ್ಟಬೇಕಾದದ್ದು ಬಹಳವಿದೆ ಎಂಬ ಭರವಸೆ ನನಗಿದೆ. ಆ ಕೆಲಸವನ್ನು ಈ ಸಂಸ್ಥೆಯ ತರಗತಿಗಳಿಂದಲೇ ಶುರುಮಾಡೋಣ.